ನಲವತ್ತನೇ ಪುಟದಲ್ಲಿ ಅತ್ತೆ

ಅತ್ತೆಯನ್ನು ಕೊಂದುಬಿಡೋಣ ಎಂದು ಒಮ್ಮೆಯೂ ಅನ್ನಿಸದ ಸೊಸೆ ಎಲ್ಲಾದರೂ ಇದ್ದರೆ ನನಗೆ ತೋರಿಸಿ, ಕಾಲಿಗೆ ಬೀಳುತ್ತೇನೆ. ಎಲ್ಲರಿಗೂ ಅನ್ನಿಸುತ್ತದೆ, ಒಲೆಯ ಮೇಲಿನ ಸಾರು ಕುದಿಯುವಷ್ಟರಲ್ಲಿ ಮರೆತೂ ಹೋಗುತ್ತದೆ. ನನ್ನ ಕಷ್ಟ ಬೇರೆ ತರಹದ್ದು. ನನಗೆ ನನ್ನ ಅತ್ತೆಯ ಮೇಲೆ ಹೇಳಿಕೊಳ್ಳುವಂಥ ಸಿಟ್ಟೇನೂ ಇರಲಿಲ್ಲ. ಆದರೂ ಕೊಂದೆ. ಸಿಟ್ಟಿನಲ್ಲಿ ಕೊಂದಿದ್ದರೆ ಜನ ಅರ್ಥ ಮಾಡಿಕೊಳ್ಳುತ್ತಿದ್ದರೇನೋ. ನಾನು ಕೊಂದದ್ದು ಪೆನ್ನಿನಿಂದ, ತಿಳಿದವರ ಮಾರ್ಗದರ್ಶನದಲ್ಲಿ, ಎರಡು ಹೊತ್ತಿನ ಊಟ ಮತ್ತು ಸಂಜೆಯ ಬಿಸ್ಕತ್ತಿನ ಸಮೇತ. ಕೊಲ್ಲುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ಆಗಲೇ ಗೊತ್ತಾದದ್ದು. ಸತ್ತವರು ನಾಲ್ಕು ದಿನ ಬಿಟ್ಟು ಶಿರಸಿ ಬಸ್ಸು ಹತ್ತಿ ಬಂದು, ಎದುರಿಗೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರೆ ಮಾತ್ರ ಫಜೀತಿ.

ಇದಾದದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ನಾನು ಯಲ್ಲಾಪುರದ ಕಡೆಯ ಒಂದು ಸಿದ್ದಿ ಕೇರಿಯಲ್ಲಿ ಅಂಗನವಾಡಿ ಶಿಕ್ಷಕಿ. ಅದಕ್ಕೂ ಮೊದಲು ಸಾಕ್ಷರತಾ ಆಂದೋಲನದ ಕಾಲದಲ್ಲಿ ಬೀದಿ ನಾಟಕ ಬರೆದು ಸ್ವಲ್ಪ ಹೆಸರು ಮಾಡಿದ್ದೆ. ನನ್ನ ನಾಟಕಗಳಲ್ಲಿ ಕುಡುಕರು ಸಾಯುತ್ತಿದ್ದರು, ಹಳ್ಳದ ನೀರನ್ನು ಕಾಯಿಸದೆ ಕುಡಿದವರು ಸಾಯುತ್ತಿದ್ದರು, ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯದ ಗಂಡ ಎದೆ ಬಡಿದುಕೊಂಡು ಸಾಯುತ್ತಿದ್ದ. ಓದು ಬಾರದವರನ್ನು ಮಾತ್ರ ನಾನು ಕೊಲ್ಲುತ್ತಿರಲಿಲ್ಲ, ಅವರಿಗೆ ಕೊನೆಯ ದೃಶ್ಯದಲ್ಲಿ ಸಹಿ ಮಾಡುವ ಕೆಲಸವಿರುತ್ತಿತ್ತು. ಸತ್ತವರು ಎದ್ದು ಮೈ ಕೊಡವಿಕೊಂಡು ಅವಲಕ್ಕಿ ತಿನ್ನುತ್ತಿದ್ದರು, ಯಾರ ತಕರಾರೂ ಇರಲಿಲ್ಲ. ಈ ಕೀರ್ತಿ ಬೆಂಗಳೂರಿನವರೆಗೆ ಹೇಗೆ ಹೋಯಿತೋ, ಅಲ್ಲಿನ ಒಂದು ಸಂಸ್ಥೆಯವರು ಮೂಲನಿವಾಸಿ ಲೇಖಕರಿಗಾಗಿ ಚಿತ್ರಕಥೆ ಬರೆಯುವ ವಸತಿ ಶಿಬಿರ ಮಾಡುತ್ತೇವೆ, ನೀವೂ ಬನ್ನಿ ಎಂದು ಕರೆದರು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಬಂದವರು ಎಂದು ಓದಿದವರು ಹೇಳುತ್ತಾರೆ. ಹಡಗು ಹತ್ತಿ ಬಂದವರನ್ನು ಮೂಲನಿವಾಸಿ ಎನ್ನಬಹುದೋ ಇಲ್ಲವೋ ಎಂದು ನನಗೂ ಒಂದು ಗಳಿಗೆ ಅನುಮಾನ ಬಂತು. ಆದರೆ ಕರೆಯುವವರು ಪ್ರೀತಿಯಿಂದ ಕರೆಯುವಾಗ ವಂಶಾವಳಿ ಬಿಚ್ಚಿ ಕೂರುವುದು ಸರಿಯಲ್ಲ ಎಂದುಕೊಂಡು ಸೀರೆ ಮಡಚಿ ಚೀಲಕ್ಕೆ ತುಂಬಿದೆ.

ಶಿಬಿರ ನಡೆದದ್ದು ಭೈರುಂಬೆಯ ಹತ್ತಿರ, ಮಕ್ಕಳಿಲ್ಲದೆ ಖಾಲಿ ಬಿದ್ದಿದ್ದ ಒಂದು ಹಾಸ್ಟೆಲ್ ಕಟ್ಟಡದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಲೇಖಕನಿಗೆ ಏಕಾಂತ ಬೇಕಂತೆ. ನಮ್ಮಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕೂತರೆ ಜ್ವರ ಬಂದಿದೆ ಎಂದು ಕಷಾಯ ತರುತ್ತಾರೆ. ಮೊದಲ ದಿನವೇ ಎಲ್ಲರೂ ಚಾಪೆ ಎತ್ತಿಕೊಂಡು ಜಗಲಿಗೆ ಬಂದರು. ಎಮ್ಮೆ ಸಾಕುವ ಗೌಳಿ ಧೋಂಡು ಅಣ್ಣನಂತೂ, "ಗೋಡೆ ನೋಡ್ತಾ ಎಂತ ಬರೂದು? ಗೋಡೆ ಮಾತಾಡ್ತದ?" ಎಂದು ಕೇಳಿಯೇಬಿಟ್ಟ. ಕಲಿಸಲು ಬಂದ ನಿರಂಜನ ಸರ್ ಒಳ್ಳೆಯ ಮನುಷ್ಯ. ಏಕಾಂತವನ್ನು ಜಗಲಿಗೇ ವರ್ಗಾಯಿಸಿದರು. ಬರೆದವರಲ್ಲಿ ಒಬ್ಬರ ಕಥೆಯನ್ನು ನಿಜವಾಗಿಯೂ ಚಿತ್ರ ಮಾಡುತ್ತೇವೆ, ಕ್ಯಾಮೆರಾ ನಿಮ್ಮ ಊರಿಗೇ ಬರುತ್ತದೆ ಎಂದೂ ಹೇಳಿದರು. ಆ ಮಾತು ನನ್ನ ತಲೆಯೊಳಗೆ ಹೊಕ್ಕಿತು. ನಮ್ಮ ಜನ ಸಿನಿಮಾದಲ್ಲಿ ಕಾಣುವುದೇ ಅಪರೂಪ. ಕಂಡರೂ ಸೊಪ್ಪು ಸುತ್ತಿಕೊಂಡು, ಪಂಜು ಹಿಡಿದು, ಯಾರದೋ ಹಿಂದೆ ಹೂ ಹಾ ಎನ್ನುತ್ತಿರುತ್ತಾರೆ. ನಮ್ಮ ಒಬ್ಬ ಮುದುಕಿ ಪರದೆಯ ತುಂಬ ಮುಖ ತೋರಿಸಿ, ತನ್ನ ಪಾಡಿಗೆ ತಾನು ನಡೆದುಹೋಗುವುದನ್ನು ಒಮ್ಮೆ ನೋಡಬೇಕು ಎಂದು ನನಗೆ ಬಹಳ ಆಸೆ ಇತ್ತು. ಈಗಲೂ ಇದೆ.

ಮುದುಕಿ ಎಂದರೆ ನನಗೆ ಬೇರೆ ಯಾರು ನೆನಪಾಗಬೇಕು? ಅತ್ತೆಯೇ. ನನ್ನ ಗಂಡ ಪರಶು ಲಾರಿ ಓಡಿಸುತ್ತಾನೆ. ಅವನ ತಾಯಿ ಮಾತ್ರ ಆ ಲಾರಿಯನ್ನು ಒಂದು ದಿನವೂ ಹತ್ತಿದವರಲ್ಲ. ತಲೆಯ ಮೇಲೆ ಸೀಗೆಕಾಯಿ ಹೊರೆ ಇಟ್ಟುಕೊಂಡು ಸಂತೆಗೆ ನಡೆದೇ ಹೋಗುತ್ತಾರೆ. ಮಗ ಪಕ್ಕದಲ್ಲೇ ಖಾಲಿ ಲಾರಿ ಓಡಿಸಿಕೊಂಡು, "ಅವ್ವಾ ಹತ್ತೇ" ಎಂದು ಅಂಗಲಾಚುತ್ತಾ ಬಂದರೂ ಇಲ್ಲ. ಬಸ್ಸಿಗೆ ಅವರ ಅಡ್ಡಿಯಿಲ್ಲ, ಅದು ಕೈ ತೋರಿಸಿದಲ್ಲಿ ನಿಲ್ಲುತ್ತದೆ. ಲಾರಿ ಹಾಗಲ್ಲ. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸದೆ, ಅವರ ಮೈಮೇಲೆ ಧೂಳು ಹಾರಿಸಿಕೊಂಡು ಹೋಗುವುದು ಮನುಷ್ಯರು ಮಾಡುವ ಕೆಲಸವಲ್ಲ ಎಂಬುದು ಅವರ ವಾದ. ಇದನ್ನೇ ಕಥೆ ಮಾಡಿದೆ. ನಿರಂಜನ ಸರ್ ಕಣ್ಣು ಮುಚ್ಚಿಕೊಂಡು ಕೇಳಿದರು. "ಚೆನ್ನಾಗಿದೆ ಮೇಡಂ. ಆಮೇಲೆ?" ಎಂದರು. ನಡೆಯುತ್ತಾಳೆ ಸರ್, ಎಂದೆ. "ಆಮೇಲೆ?" ಸಂತೆ ಮುಟ್ಟುತ್ತಾಳೆ. "ಮುಟ್ಟಿ?" ಸೀಗೆಕಾಯಿ ಮಾರುತ್ತಾಳೆ. ಸರ್ ಕಣ್ಣು ಬಿಟ್ಟರು. ನಲವತ್ತನೇ ಪುಟದ ಹೊತ್ತಿಗೆ ಏನಾದರೂ ದೊಡ್ಡದು ಕೈತಪ್ಪಿ ಹೋಗಬೇಕು, ಇಲ್ಲದಿದ್ದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ ಎಂದರು. ಸೀಗೆಕಾಯಿ ಕೈತಪ್ಪಿ ಬೀಳಿಸಲಾ ಎಂದು ಕೇಳಿದೆ. ಸಾಲದು ಎಂದರು. ಆಮೇಲೆ ಅವರೇ ಮೆಲ್ಲಗೆ ಹೇಳಿದರು: "ಮುದುಕಿ ದಾರಿಯಲ್ಲೇ ಸಾಯಲಿ. ಮಗ ಅವಳನ್ನು ಅದೇ ಲಾರಿಯಲ್ಲಿ ಮನೆಗೆ ತರಲಿ."

ಎಂಥ ಮಾತು ನೋಡಿ! ಕೇಳಿದ ಕೂಡಲೇ ಪೆನ್ನಿನ ಮುಚ್ಚಳ ತೆಗೆದೆ. ಜೀವವಿದ್ದಾಗ ಹತ್ತದವಳು ಜೀವ ಹೋದ ಮೇಲೆ ಹತ್ತಿದಳು. ಒಂದೇ ಉಸಿರಿಗೆ ಬರೆದೆ, ಬರೆಯುತ್ತಾ ಮೂಗು ಒರೆಸಿಕೊಂಡೆ. ಓದಿದಾಗ ಶಿಬಿರವೆಲ್ಲ ಇನ್ನೊಮ್ಮೆ ಓದು ಎಂದಿತು. ಚಿತ್ರಕ್ಕೆ ಇದೇ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ನನ್ನ ಗ್ರಹಚಾರಕ್ಕೆ ಅದೇ ವಾರ ಪರಶು ಶಿರಸಿಗೆ ಮರದ ನಾಟಾ ಇಳಿಸಲು ಬಂದವನು ನನ್ನನ್ನು ನೋಡಿ ಹೋಗಲು ಬಂದ. ಹೆಮ್ಮೆ ಎಂಬುದು ಸುಮ್ಮನೆ ಕೂರಲು ಬಿಡುತ್ತದೆಯೇ? ಅವನಿಗೂ ಓದಿ ಹೇಳಿದೆ. ಪುಣ್ಯಾತ್ಮ ಸ್ಟೀರಿಂಗ್ ಮೇಲೆ ತಲೆ ಇಟ್ಟು ಗೊಳೋ ಎಂದು ಅತ್ತ. ಅಳುತ್ತಲೇ ಯಲ್ಲಾಪುರಕ್ಕೆ ಹೋದ. ಮನೆಗೆ ಹೋಗಿ ತಾಯಿಗೆ ಹೇಳಿದ ಸಾರಾಂಶ ಇಷ್ಟು: ನಿನ್ನ ಸೊಸೆ ನಿನ್ನನ್ನು ರಸ್ತೆಯಲ್ಲಿ ಸಾಯಿಸಿ ನನ್ನ ಲಾರಿಗೆ ಹಾಕಿದಾಳೆ.

ಅತ್ತೆ ಬಂದಾಗ ನಾನು ಜಗಲಿಯಲ್ಲಿ ಅವರ ಸಾವಿನ ದೃಶ್ಯವನ್ನು ಅಂದವಾಗಿ ನಕಲು ಮಾಡುತ್ತಿದ್ದೆ. ನಮ್ಮ ಮನೆಮಾತು ಕೊಂಕಣಿ ಬೆರೆತದ್ದು. ಆ ದಿನ ಅತ್ತೆ ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಶುರು ಮಾಡಿದರು.

"ಸರಸತಿ, ನಾ ಎಂತ ತಪ್ಪು ಮಾಡ್ದೆ ಹೇಳು."

"ಅತ್ತೆ, ಅದು ನೀವಲ್ಲ. ಕಥೆಯ ಮುದುಕಿ."

"ಸೀಗೆಕಾಯಿ ಯಾರು ಹೊರೂದು?"

"ಅವಳೂ ಹೊರ್ತಾಳೆ."

"ಅವಳ ಮಗ ಎಂತ ಮಾಡ್ತಾನೆ?"

"ಲಾರಿ ಓಡಿಸ್ತಾನೆ," ಎಂದೆ. ದನಿ ಇಳಿದುಹೋಗಿತ್ತು.

"ನಾ ಸಾಯೂದಕ್ಕೆ ಬೇಜಾರಿಲ್ಲ. ಎಲ್ಲರೂ ಸಾಯ್ತಾರೆ. ಆದ್ರೆ ಲಾರಿಗೆ ಹಾಕ್ದ್ಯಲೇ! ಬದುಕಿದ್ದಾಗ ಬ್ಯಾಡ ಅನ್ನೂಕೆ ಬಾಯಿತ್ತು. ಸತ್ತ ಮೇಲೆ ಯಾರಿಗೆ ಹೇಳ್ಲಿ? ಬಾಯಿ ಬಿಡೂಕೆ ಆಗದ ಹೊತ್ತು ನೋಡಿ ಹತ್ತಸ್ದ್ಯಲ್ಲ."

ನಿರಂಜನ ಸರ್ ಇದನ್ನೇ ಕಲಾತ್ಮಕ ಎಂದಿದ್ದರು. ಅತ್ತೆ ಹೇಳುವಾಗ ಅದು ಬರಿಯ ಅನ್ಯಾಯವಾಗಿ ಕೇಳಿಸಿತು. ಎದ್ದು ಹೋಗಿ ಚಹಾ ತಂದೆ. ಇದು ಸರಿಯಾಗುವವರೆಗೆ ತಾನು ಇಲ್ಲಿಂದ ಕದಲುವುದಿಲ್ಲ ಎಂದು ಅತ್ತೆ ಅಡಿಗೆಮನೆಯ ಜಗಲಿಯಲ್ಲಿ ಠಿಕಾಣಿ ಹೂಡಿದರು. ಶಿಬಿರಕ್ಕೆ ಹೊರಗಿನವರನ್ನು ಸೇರಿಸಬಾರದೆಂಬ ನಿಯಮವಿತ್ತು. ಆದರೆ ಕಥೆಯೊಳಗಿನವರು ಹೊರಗಿನವರು ಹೇಗಾಗುತ್ತಾರೆ ಎಂದು ಧೋಂಡು ಅಣ್ಣ ವಾದಿಸಿದ. ಅಡಿಗೆಯ ಸುಬ್ರಾಯ ಭಟ್ಟರು ನಮ್ಮ ಹತ್ತಿರ ಪುಸ್ತಕದ ಕನ್ನಡ ಆಡಲು ಹೊರಟು ಅರ್ಧದಲ್ಲೇ ತಮ್ಮ ಮನೆಮಾತಿಗೆ ಜಾರುವವರು. ಅವರು ಎರಡೇ ದಿನದಲ್ಲಿ ಅತ್ತೆಯ ಪಕ್ಷ ಸೇರಿದರು. ನನಗೆ ಮಜ್ಜಿಗೆ ಬಡಿಸುವಾಗ ಬಗ್ಗಿ ಮೆಲ್ಲಗೆ, "ತಂಗಿ, ಆನು ಅಡಿಗೆ ಮಾಡವ, ಎಂಗೆ ಕಥೆ ಗಿಥೆ ಗೊತ್ತಿಲ್ಲೆ. ಆದ್ರೂ ಹೇಳ್ತೆ, ಅದ್ರ ಕೊಲ್ಲಡ, ಕೊಲ್ಲಬೇಡ. ಪಾಪ, ಚೊಲೋ ಹೆಂಗಸು," ಎಂದರು. ಅವತ್ತು ನನ್ನ ಮಜ್ಜಿಗೆಗೆ ಉಪ್ಪು ಬಿದ್ದಿರಲಿಲ್ಲ.

ನಾನು ಸಂಧಾನಕ್ಕೆ ಇಳಿದೆ. ಲಾರಿ ಬೇಡ, ಬಿದಿರಿನ ಚಟ್ಟದಲ್ಲಿ ಹೊತ್ತು ತಂದರೆ ಆದೀತೇ ಎಂದು ಅತ್ತೆಯನ್ನು ಕೇಳಿದೆ. ಅಡ್ಡಿಯಿಲ್ಲ, ಆದರೆ ತವರಿನ ಸೀರೆ ಬರದೆ ಹೆಣ ಎತ್ತುವ ಹಾಗಿಲ್ಲ ಎಂದರು. ನಮ್ಮಲ್ಲಿ ಹೆಂಗಸು ಸತ್ತರೆ ಅವಳ ತಮ್ಮನೋ ಅಣ್ಣನೋ ಹೊಸ ಸೀರೆ ತಂದು ಹೊದಿಸಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ಅತ್ತೆಯ ತಮ್ಮ ಗಂಗಾರಾಮ ಮಾವ ಹಳಿಯಾಳದ ಕಡೆಯವರು. ಅವರಿಗೂ ಅತ್ತೆಗೂ ನಮ್ಮ ಮದುವೆಯಿಂದೀಚೆ ಮಾತಿಲ್ಲ. ದಮಾಮಿ ಎಂದು ನಮ್ಮದೊಂದು ವಾದ್ಯವಿದೆ, ಚರ್ಮ ಬಿಗಿದ ದೊಡ್ಡ ಡೋಲು. ಅದು ಮೊಳಗದೆ ನಮ್ಮ ಯಾವ ಸಂತೋಷವೂ ಸಂತೋಷವಲ್ಲ. ನನ್ನ ಮದುವೆಗೆ ತನ್ನ ತವರಿನ ದಮಾಮಿಯೇ ಬರಬೇಕು ಎಂದು ಅತ್ತೆ ಹೇಳಿ ಕಳಿಸಿದರೆ, ಮಾವ ಯಾರ ಮನೆಯದೋ ಹರಕು ದಮಾಮಿ ಕಳಿಸಿದರು. ಅಕ್ಕನ ಮನೆಯಲ್ಲಿ ನಮ್ಮ ಹಿರಿಯರ ದಮಾಮಿಗೆ ಯಾವ ಮರ್ಯಾದೆ ಸಿಗುತ್ತದೋ ಎಂದರಂತೆ. ಅಲ್ಲಿಗೆ ಮುಗಿಯಿತು. "ನಂಗೆ ಸೀರೆ ತರೂಕೆ ಯಾರಿದಾರೆ? ನೀ ಸಾಯ್ಸಿದ್ರೆ ನಿನ್ನ ಮುದುಕಿ ಅಲ್ಲೇ ಕೊಳೀಬೇಕು," ಎಂದು ಅತ್ತೆ ಅಡಿಕೆ ಕತ್ತರಿಸುತ್ತಾ ಹೇಳಿದರು. ನಗುತ್ತಲೇ ಹೇಳಿದರು. ಆದರೆ ಅವರು ಭೈರುಂಬೆಯವರೆಗೆ ಬಂದದ್ದು ಲಾರಿಯ ಕಾರಣಕ್ಕೆ ಮಾತ್ರ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ಸಾವು ಅವರಿಗೆ ಹೆದರಿಕೆಯಲ್ಲ. ಸತ್ತರೆ ತಮ್ಮ ಬರುವುದಿಲ್ಲ ಎಂಬುದು ಹೆದರಿಕೆ. ನಾನು ಪೆನ್ನು ಮುಚ್ಚಿಟ್ಟೆ, ಆಮೇಲೆ ಆಸೆ ತಡೆಯದೆ ಮತ್ತೆ ತೆರೆದೆ.

ಈ ನಡುವೆ ಪರಶು ಎಂತ ಮಾಡಿದ್ದ ಎಂದರೆ, ಯಲ್ಲಾಪುರದ ಹೆದ್ದಾರಿ ಬದಿಯ ಚಹಾದ ಅಂಗಡಿಯಲ್ಲಿ ಇತರ ಡ್ರೈವರುಗಳಿಗೆ ಈ ಕಥೆ ಹೇಳಿದ್ದ. ಕಥೆ ಎಲ್ಲಿ ಮುಗಿಯಿತು, ಖರೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ. "ನಮ್ಮವ್ವ ರಸ್ತೆ ಮೇಲೇ ಹೋಗಿಬಿಡ್ತು, ಇದೇ ಲಾರಿಯಲ್ಲೇ ಹಾಕ್ಕಂಡು ಬಂದೆ," ಎಂದು ಕಣ್ಣೊರೆಸಿಕೊಂಡಿದ್ದಾನೆ. ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದ ಹಳಿಯಾಳದ ಒಬ್ಬ ಡ್ರೈವರಿಗೆ ಅಷ್ಟೇ ಕೇಳಿಸಿದೆ, ಅದನ್ನೇ ಅವನು ಗಂಗಾರಾಮ ಮಾವನಿಗೆ ಮುಟ್ಟಿಸಿದ್ದಾನೆ. ಸಾವಿನ ಸುದ್ದಿ ಕೇಳಿದವನು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕೇಳಿದ ನೆಂಟ ಖರೆಯೇ ಎಂದು ತಿರುಗಿ ಕೇಳುವಂತಿಲ್ಲ. ಸತ್ತವರ ಮೇಲೆ ಅನುಮಾನ ಪಡುವುದು ನಮ್ಮಲ್ಲಿ ದೊಡ್ಡ ಅವಮರ್ಯಾದೆ. ಮೊದಲು ಹೊರಡಬೇಕು, ಉಳಿದದ್ದು ಆಮೇಲೆ. ಗಂಗಾರಾಮ ಮಾವ ಹೊಸ ಸೀರೆ ತೆಗೆದುಕೊಂಡು, ಕೇರಿಯ ನಾಲ್ಕು ಜನರನ್ನು ಕರೆದುಕೊಂಡು, ಗುರುತಿನವರ ಲಾರಿ ಹಿಡಿದು ನಮ್ಮ ಮನೆಗೆ ಹೋದರು. ಬಾಗಿಲಿಗೆ ಬೀಗ. ಪಕ್ಕದ ಮನೆಯವಳು, "ಭೈರುಂಬೆಗೆ ಹೋದವಳು ತಿರುಗಿ ಬರ್ಲೇ ಇಲ್ಲ," ಎಂದಿದ್ದಾಳೆ. ಅವಳು ಹೇಳಿದ್ದರಲ್ಲಿ ಸುಳ್ಳೇನಾದರೂ ಇದೆಯೇ?

ಮಧ್ಯಾಹ್ನದ ಊಟ ಮುಗಿದು ನಿರಂಜನ ಸರ್ ಕ್ಲೈಮ್ಯಾಕ್ಸ್ ಎಂದರೇನು ಎಂದು ವಿವರಿಸುತ್ತಿದ್ದರು. ಗೇಟಿನ ಹತ್ತಿರ ಲಾರಿ ನಿಂತಿತು. ಇಳಿಯುತ್ತಲೇ ಮಾವ ದೊಡ್ಡ ದನಿ ತೆಗೆದರು. ನಮ್ಮ ಗಂಡಸರು ಅಳುವುದಕ್ಕೆ ನಾಚುವವರಲ್ಲ. ಸಾವಿನ ಮನೆಯ ಅಂಗಳದಿಂದಲೇ ಸತ್ತವರ ಗುಣ ಹಾಡಿಕೊಂಡು ಒಳಗೆ ಬರಬೇಕು.

"ಅಕ್ಕಾ, ಎಲೆ ಮೇಲೆ ಜೇನು ಹಾಕಿ ನಂಗೆ ತಿನ್ನಿಸ್ದವಳೇ! ನನ್ನ ಹೊಡೆದವರ ಮನೆ ಮುಂದೆ ನಿಂತು ಬೈದವಳೇ! ಸೊಂಟದ ಮೇಲೆ ಕೂರ್ಸ್ಕಂಡು ಹಳ್ಳ ದಾಟಿಸ್ದವಳೇ! ಒಂದು ದಮಾಮಿಗಾಗಿ ನಾ ನಿನ್ನ ಕಳ್ಕಂಡೆನಲ್ಲೇ!"

ನಾನು ಎದ್ದು ಓಡಿದ್ದು ಅಡಿಗೆಮನೆಗೆ. ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದರು. ಹೋಗಿ ಮುಖ ತೋರಿಸಿ ಅತ್ತೆ, ಮಾವನಿಗೆ ಏನಾದರೂ ಆದೀತು ಎಂದೆ. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಸುಮ್ನಿರೇ. ಪೂರ್ತಿ ಹೇಳ್ಲಿ," ಎಂದರು. ಮಾವ ಪೂರ್ತಿ ಹೇಳಿದರು. ಮದುವೆಯ ದಿನ ಹಿರಿಯರ ದಮಾಮಿಯನ್ನೇ ಹೆಗಲಿಗೆ ಏರಿಸಿಕೊಂಡು ಅರ್ಧ ದಾರಿ ಬಂದು, ಸಿಟ್ಟಿನಲ್ಲಿ ತಿರುಗಿ ಹೋದದ್ದನ್ನೂ ಹೇಳಿದರು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆಯ ಕಣ್ಣಿನಿಂದ ನೀರು ಸುರಿಯುತ್ತಿತ್ತು, ನನ್ನದೂ ಅಷ್ಟೇ, ಭಟ್ಟರು ಒಗ್ಗರಣೆ ಸೌಟು ಹಿಡಿದು ನಿಂತಲ್ಲೇ ನಿಂತಿದ್ದರು. ಹೇಳುವುದು ಮುಗಿದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಜಗಲಿಗೆ ಬಂದರು.

"ಹಳ್ಳ ದಾಟಿಸಿದ್ದು ನಾನಲ್ಲ ಗಂಗಾರಾಮ, ದೊಡ್ಡಕ್ಕ. ನಾ ನಿನ್ನ ಒಂದ್ಸಲ ಹಳ್ಳದಲ್ಲೇ ಬಿಟ್ಟು ಬಂದವಳು."

ಮಾವ ಕೂತುಬಿಟ್ಟರು. ಜೊತೆಗೆ ಬಂದವರಲ್ಲಿ ಒಬ್ಬ ಗೇಟಿನವರೆಗೆ ಓಡಿಹೋಗಿ, ಅಲ್ಲಿಂದ ತಿರುಗಿ ನೋಡಿದ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಮಾವನಿಗೆ ಸಿಟ್ಟು ಬಂತು.

"ಸಾಯ್ದೆ ಹೀಂಗೆ ಕರೆಸ್ತಾರನೇ?"

"ನಾ ಕರೆಸಿದ್ನ? ಸತ್ತವಳು ಎಲ್ಲಿಂದ ಕರೆಸ್ತಾಳೆ? ಅದಿರ್ಲಿ, ದಮಾಮಿ ತಂದ್ಯ?"

"ಸಾವಿಗೆ ಯಾರಾದ್ರೂ ದಮಾಮಿ ತರ್ತಾರನೇ?"

"ಹಾಂಗಾದ್ರೆ ಇನ್ನೊಂದ್ಸಲ ಬಾ, ತಗಂಡು," ಎಂದರು ಅತ್ತೆ. ಸೀರೆಯನ್ನು ಬಿಚ್ಚಿ, ಅಂಚು ಮುಟ್ಟಿ ನೋಡಿ, "ಬದುಕಿದ್ದಾಗ ಇಂಥದ್ದು ಒಂದೂ ತರ್ಲಿಲ್ಲ," ಎಂದು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಭಟ್ಟರು ಎಲ್ಲರಿಗೂ ಮತ್ತೆ ಅನ್ನ ಇಟ್ಟರು. ಸಂಜೆ ತಮ್ಮನ ಮನೆಗೆ ಹೊರಟ ಅತ್ತೆ ಏನು ಮಾಡಿದರು ಗೊತ್ತೇ? ತಮ್ಮನ ಕೈ ಹಿಡಿದು ಲಾರಿ ಹತ್ತಿದರು! ಡ್ರೈವರ್ ಪಕ್ಕದ ಸೀಟಿನಲ್ಲಿ, ಕಿಟಕಿಯ ಹತ್ತಿರ. ನಾನು ಬಾಯಿ ತೆರೆದು ನೋಡುತ್ತಿದ್ದರೆ, "ನಾ ಹೇಳ್ದಲ್ಲಿ ನಿಲ್ಲಿಸ್ತಾನಂತೆ, ಕೇಳಿ ಆಯ್ತು," ಎಂದರು. ಲಾರಿ ಗೇಟು ದಾಟಿತು. ನನ್ನ ಇಡೀ ಚಿತ್ರಕಥೆ ಅದರಲ್ಲಿ ಕೂತು ಕೈ ಬೀಸುತ್ತಾ ಹೋಯಿತು.

ಇದನ್ನೇ ಬರೆಯಲಾ ಎಂದು ನಿರಂಜನ ಸರ್ ಅವರನ್ನು ಕೇಳಿದೆ. ಅವರೂ ಕಣ್ಣೊರೆಸಿಕೊಂಡಿದ್ದರು. ಆದರೂ ತಲೆ ಅಲ್ಲಾಡಿಸಿದರು. "ನಡೆದದ್ದು ನಿಜ ಮೇಡಂ, ನಾನೇ ನೋಡಿದೆ. ಆದರೆ ಪರದೆಯ ಮೇಲೆ ನಂಬಲಿಕ್ಕಾಗುವುದಿಲ್ಲ. ಸುದ್ದಿ ಕೇಳಿದವನು ಒಂದು ಸಲವಾದರೂ ವಿಚಾರಿಸುವುದಿಲ್ಲವೇ ಎಂದು ಪ್ರೇಕ್ಷಕ ಕೇಳುತ್ತಾನೆ," ಎಂದರು. ಮೊದಲಿನ ಕಥೆಯನ್ನೇ ಕೊಡಿ, ಅದು ಗೆಲ್ಲುತ್ತದೆ ಎಂದೂ ಹೇಳಿದರು. ಕೊಡಬಹುದಿತ್ತು. ಆದರೆ ಬಾಗಿಲ ಸಂದಿಯಲ್ಲಿ ನಿಂತವರ ಮುಖ ನೋಡಿದ ಮೇಲೆ ನನ್ನ ಕೈಗೆ ಅವರನ್ನು ಸಾಯಿಸುವ ಶಕ್ತಿ ಉಳಿದಿರಲಿಲ್ಲ. ನನ್ನ ಮುದುಕಿ ನಡೆದಳು, ಸಂತೆ ಮುಟ್ಟಿದಳು, ಸೀಗೆಕಾಯಿ ಮಾರಿದಳು. ಚಿತ್ರಕ್ಕೆ ಆಯ್ಕೆಯಾದದ್ದು ಧೋಂಡು ಅಣ್ಣನ ಎಮ್ಮೆಯ ಕಥೆ. ಅವನ ಎಮ್ಮೆ ಹೇಳಿದ ಪುಟದಲ್ಲಿ ಸರಿಯಾಗಿ ಸತ್ತಿತ್ತು, ಎಮ್ಮೆಯ ಕಡೆಯಿಂದ ಯಾರೂ ತಕರಾರಿಗೆ ಬಂದಿರಲಿಲ್ಲ. ನಾನು ಚಪ್ಪಾಳೆ ತಟ್ಟಿದೆ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಯಾರೋ ಕಷಾಯ ತಂದರು.

ತಮ್ಮನ ಮನೆಯಲ್ಲಿ ಮನಸ್ಸು ತುಂಬುವಷ್ಟು ಇದ್ದು ಬಂದ ಅತ್ತೆ ನನ್ನ ಸಪ್ಪೆ ಮುಖ ನೋಡಿ ಕನಿಕರಪಟ್ಟರು. "ಇನ್ನು ಬೇಕಾದ್ರೆ ಸಾಯ್ಸು ಮಾರಾಯ್ತಿ. ಯಾರು ಬರ್ತಾರೆ ಅಂತ ನೋಡಿ ಆಯ್ತಲ್ಲ, ನಂಗೆ ಈಗ ಅಡ್ಡಿಲ್ಲ," ಎಂದರು. ಕಾಲ ಮಿಂಚಿತು ಅತ್ತೆ ಎಂದೆ. ಅವರು ಎಲೆ ಅಗಿಯುತ್ತಾ ನನ್ನನ್ನೇ ನೋಡಿದರು. "ನಿಂಗೂ ಒಬ್ಬ ಅಣ್ಣ ಇದಾನಲ, ಅಂಕೋಲೆ ಬದಿಗೆ. ಪರಶು ಹತ್ರ ಹೇಳಿ ಒಂದು ಸುದ್ದಿ ಬಿಡ್ಸಾನ? ಬರ್ತಾನ ಇಲ್ವ ನೋಡಾನ."

ನಾನು ನಕ್ಕು ಬೇಡ ಎಂದೆ. ನಕ್ಕದ್ದು ಮಾತ್ರ ಬಾಯಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಹಾಕುವಾಗಲೂ ಅದೇ 'ಬರ್ತಾನ ಇಲ್ವ' ತಲೆಯಲ್ಲಿ ಕುಣಿಯುತ್ತಿತ್ತು. ಊರ ಜನರೆಲ್ಲರ ಹುಟ್ಟು ಸಾವು ಬರೆಯುವವಳಿಗೆ ಇದೊಂದು ದೃಶ್ಯ ಹೇಗೆ ಮುಗಿಯುತ್ತದೆ ಎಂದು ಹೇಳಲು ಧೈರ್ಯವಿಲ್ಲ. ಕೊನೆಗೆ ಒಂದು ರಜೆಯ ದಿನ, ಯಾರಿಗೂ ಹೇಳಿ ಕಳಿಸದೆ, ಎಷ್ಟೋ ವರ್ಷಗಳ ಮೇಲೆ ಅಂಕೋಲೆ ಬಸ್ಸು ಹತ್ತಿದೆ. ಅಣ್ಣ ಅಂಗಳದಲ್ಲಿ ಕತ್ತಿ ಮಸೆಯುತ್ತಾ ಕೂತಿದ್ದ. ನನ್ನನ್ನು ನೋಡಿದ್ದೇ ಎದ್ದು ನಿಂತ. ಕತ್ತಿ ಕೆಳಗಿಟ್ಟ.

"ಯಾರು ತೀರ್ಕಂಡ್ರೇ?" ಎಂದ.

ಯಾರೂ ಇಲ್ಲ, ಸುಮ್ಮನೆ ನೋಡಿ ಹೋಗಲು ಬಂದೆ ಎಂದೆ. ಒಳಗೆ ಅತ್ತಿಗೆ ಅಳಲು ತಯಾರಾಗಿ ಆಗಲೇ ಒಲೆಯಿಂದ ಅನ್ನ ಇಳಿಸಿಟ್ಟಿದ್ದಳು. ಅಣ್ಣ ಚಾಪೆ ಹಾಸಿ ಕೂರಿಸಿದ, ಚಹಾ ಕೊಟ್ಟ. ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತು, ಇವಳು ಯಾವಾಗ ಹೇಳುತ್ತಾಳೋ ಎಂದು ನನ್ನ ಬಾಯನ್ನೇ ನೋಡುತ್ತಿದ್ದ.